ಮುನಾಫನ ಬ್ಯಾಂಡಿನ ನಂಬರು

ಬೆಳಗಾವಿಯ ಕೋಟೆ ಹತ್ತಿರದ ಆ ಗಲ್ಲಿಯಲ್ಲಿ ಯಾರು ಯಾವ ಕಾರಣಕ್ಕೆ ರಸ್ತೆ ಅಗೆದರೂ ಮೊದಲು ಸಾಯುತ್ತಿದ್ದುದು ಮುನಾಫನ ಅಂಗಡಿಯ ಫೋನು. ನೀರಿನ ಪೈಪಿಗೆ ಅಗೆದರೂ ಅದೇ ತಂತಿ ಕಡಿಯುತ್ತಿತ್ತು, ಗಟಾರಕ್ಕೆ ಅಗೆದರೂ ಅದೇ. ಕೊನೆಗೆ ಗುಂಡಿ ಮುಚ್ಚಲು ಬಂದವರೂ ಅದೇ ತಂತಿಯನ್ನು ಕಡಿದು ಹೋದಾಗ ಮುನಾಫನ ತಾಳ್ಮೆ ಮುಗಿಯಿತು.

ಮುನಾಫನದು ಮದುವೆ ಬ್ಯಾಂಡು, ಅಪ್ಪನ ಕಾಲದಿಂದ ಬಂದದ್ದು. ಅಂಗಡಿಯ ಬೋರ್ಡಿನ ಮೇಲೆ, ದೊಡ್ಡ ಡೋಲಿನ ಹೊಟ್ಟೆಯ ಮೇಲೆ, ವಾದ್ಯದವರ ಕೋಟಿನ ಬೆನ್ನ ಮೇಲೆ ಎಲ್ಲ ಕಡೆಗೂ ಒಂದೇ ಫೋನ್ ನಂಬರು. ಬೆಳಗಾವಿಯಿಂದ ಖಾನಾಪುರದವರೆಗೆ ಮಗಳ ಮದುವೆ ಮಾಡಿದ ಯಾವ ಹಿರಿಯನನ್ನು ಕೇಳಿದರೂ ಆ ನಂಬರನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಹೀಗಾಗಿ ನಂಬರು ಬಿಡುವ ಹಾಗಿರಲಿಲ್ಲ, ತಂತಿಯನ್ನು ನಂಬುವ ಹಾಗೂ ಇರಲಿಲ್ಲ.

"ಮುನಾಫಭಾಯಿ, ಜಗತ್ತು ಎಲ್ಲಿಗೆ ಹೊಂಟೈತಿ, ನೀವು ಇನ್ನೂ ತಂತಿ ಹಿಡಕೊಂಡು ಜೋತಾಡಾಕತ್ತೀರಲ್ರಿ," ಎಂದ ಬಾಜು ಮೊಬೈಲ್ ಅಂಗಡಿಯ ಓಂಕಾರ. "ನಿಮ್ಮ ನಂಬರ್ ಇಂಟರ್ನೆಟ್ ಕಂಪನಿಗೆ ಹಾಕಿಬಿಡೂಣು. ನಂಬರ್ ಅದ ಇರ್ತೈತಿ, ತಂತಿ ಇರಂಗಿಲ್ಲ. ನೀವು ಸಂಡಾಸದಾಗ ಕುಂತಿದ್ರೂ ಗಿರಾಕಿ ಮೊಬೈಲಿಗೆ ಬರ್ತಾನ."

ಅಷ್ಟೊಂದು ಸೌಕರ್ಯ ಮುನಾಫನಿಗೆ ಬೇಕಿರಲಿಲ್ಲ. ಆದರೂ ಹೂಂ ಅಂದ. ಕಂಪನಿಯವರು ನಂಬರು ವರ್ಗವಾಗುವ ದಿನ ತಿಳಿಸಿದರು, ಓಂಕಾರ ಸಹಿ ಹಾಕಿಸಿಕೊಂಡ. ಆ ದಿನ ಯಾವುದು ಎಂದು ಮುನಾಫ ಸರಿಯಾಗಿ ನೋಡಿಕೊಂಡದ್ದು ಅವತ್ತಿನ ಬೆಳಿಗ್ಗೆಯೇ.

ಅವತ್ತು ಖಾನಾಪುರದ ಹಂಚಿನ ಭಟ್ಟಿಯ ಗುರುಪುತ್ರಪ್ಪ ಸಾಹುಕಾರರ ಮಗಳ ಸಾಕರಪುಡಾ. ನಿಶ್ಚಿತಾರ್ಥಕ್ಕೆ ಆ ಕಡೆ ಹಾಗೆನ್ನುತ್ತಾರೆ. ಸಾಹುಕಾರರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸಕ್ಕರೆ ಹಂಚಿದ ಮೇಲೆ ಬೀಗರ ಎದುರಿಗೇ ಬ್ಯಾಂಡಿನವನಿಗೆ ಫೋನು ಹಚ್ಚಬೇಕು, ಅವನು ಎತ್ತಿ "ಬರ್ತೀನ್ರಿ" ಅನ್ನಬೇಕು, ಆಮೇಲೇ ಎಲೆ ಅಡಿಕೆ. ಗಂಡಿನ ಕಡೆಯವರು ಡಿಜೆಯೇ ಬೇಕೆಂದು ಹಟ ಹಿಡಿದಿದ್ದರು. "ಮಧ್ಯಾಹ್ನ ಫೋನ್ ಹಚ್ಚತೀನಿ. ಎತ್ತಲಿಲ್ಲಂದ್ರ ನನ್ನ ಮಾತು ನಡಿಯಂಗಿಲ್ಲ ನೋಡ್ರಿ," ಎಂದು ಸಾಹುಕಾರರು ಮೊದಲೇ ಹೇಳಿಟ್ಟಿದ್ದರು. ಆ ಹಂಗಾಮಿನಲ್ಲಿ ಮುನಾಫನಿಗೆ ಬರಲಿದ್ದ ದೊಡ್ಡ ಮದುವೆ ಅದೊಂದೇ. ಅದೂ ತಪ್ಪಿದರೆ ಬ್ಯಾಂಡಿನ ಹುಡುಗರು ಕಹಳೆ ಕೆಳಗಿಟ್ಟು ಬೇರೆ ಕೆಲಸ ಹುಡುಕುವವರಿದ್ದರು.

"ಚಿಂತಿ ಬಿಡ್ರಿ, ನಂಬರ್ ಬಂದೇಬಿಟ್ಟೈತಿ," ಎಂದು ಓಂಕಾರ ಲ್ಯಾಪ್‌ಟಾಪು ತೆರೆದ. "ಫೋನ್ ಮಾಡಿದವ್ರಿಗೆ ಮೊದಲ ಒಂದು ಸ್ವಾಗತ ಕೇಳಸ್ತೈತಿ. ಏನ್ ಹಾಕೂಣು? ಕನ್ನಡಕ್ಕ ಒಂದು ಒತ್ತಿ, ಮರಾಠಿಗೆ ಎರಡು ಒತ್ತಿ. ಸಾಕಲ್ಲ?"

ಕನ್ನಡಕ್ಕೆ ಒಂದು ಎಂದದ್ದು ಕೇಳಿ, ಕಬ್ಬಿನ ಹಾಲು ಮಾರುವ ಎದುರಂಗಡಿಯ ಸಿದ್ದಪ್ಪ ಸಂತೋಷದಿಂದ ಯಂತ್ರ ನಿಲ್ಲಿಸಿ ಬಂದ. ಹಿತ್ತಾಳೆ ಪಾತ್ರೆ ಅಂಗಡಿಯ ಮರಾಠಿ ಮನೆಮಾತಿನ ಯಲ್ಲೋಜಿರಾವ್ ಸಿಟ್ಟಿನಿಂದ ಗಲ್ಲಾಪೆಟ್ಟಿಗೆ ಮುಚ್ಚಿ ಬಂದರು.

"ಎರಡು ಯಾಕ? ನಾವೇನು ಎರಡನೇ ನಂಬರಿನ ಮಂದೀನ?" ಎಂದರು ಯಲ್ಲೋಜಿರಾವ್.

"ಹಂಗಾದ್ರ ಮರಾಠಿಗೆ ಒಂದು, ಕನ್ನಡಕ್ಕ ಎರಡು," ಎಂದ ಓಂಕಾರ.

"ಹಂಗ ಹಾಕಿ ನೋಡು, ನಿನ್ನ ಅಂಗಡಿ ಮುಂದ ಉಪವಾಸ ಕುಂದರ್ತೀನಿ!" ಎಂದ ಸಿದ್ದಪ್ಪ.

ಕನ್ನಡದ ಹೆಸರನ್ನು ಮೊದಲು ಹೇಳಿ, ಒಂದು ಎಂಬ ಅಂಕಿಯನ್ನು ಮಾತ್ರ ಮರಾಠಿಗೆ ಕೊಡುವುದೆಂದು ಓಂಕಾರ ರಾಜಿ ತಂದ. ಇಬ್ಬರೂ ಒಟ್ಟಿಗೇ ಬೇಡವೆಂದರು. ಆ ಗಲ್ಲಿಯ ಚರಿತ್ರೆಯಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಎರಡಕ್ಕೂ ಒಂದೇ ಒತ್ತಲಿ ಎಂದರೆ, ಯಾರದು ಮೊದಲ ಒಂದು, ಯಾರದು ಎರಡನೆಯ ಒಂದು ಎಂಬ ಪ್ರಶ್ನೆ ಬಂತು.

"ಅಣ್ಣಾ, ಯಾವುದು ಒತ್ತಿದ್ರೂ ಎತ್ತಾಂವ ನಾನ ಅಲ್ಲೇನ್ರಿ! ನನಗ ಎರಡೂ ಬರ್ತಾವು," ಎಂದು ಮುನಾಫ ಕೈ ಮುಗಿದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಮನೆಯಲ್ಲಿ ಉರ್ದು ಆಡುವ ಅವನಿಗೆ ಯಾವ ಅಂಕಿ ಎಂದು ಯಾರೂ ಕೇಳಲಿಲ್ಲ. ಆ ಗದ್ದಲದಲ್ಲಿ ಅದು ಅವನಿಗೂ ಹೊಳೆಯಲಿಲ್ಲ.

ಬಿಸಿಲು ಏರುತ್ತಿತ್ತು. ಸಾಹುಕಾರರ ಫೋನಿನ ಹೊತ್ತು ಹತ್ತಿರವಾಗುತ್ತಿತ್ತು. ಮೂಲೆಯಲ್ಲಿ ಕ್ಲಾರಿನೆಟ್ ಒರೆಸುತ್ತ ಕುಳಿತಿದ್ದ ಮುದುಕ ಅಮ್ಜದ ಚಾಚಾ ಕೊನೆಗೆ ಬಾಯಿ ತೆರೆದ. "ಮಾತ ಬ್ಯಾಡ. ವಾದ್ಯ ಹಾಕ್ರಿ. ವಾದ್ಯಕ್ಕ ಯಾವ ಭಾಷಾ ಐತಿ? ಮುನಾಫ ಎತ್ತೂತನಕ ಬಾರಸ್ತಿರಲಿ."

ಇಡೀ ಗಲ್ಲಿ ನಿರಾಳವಾಗಿ ಉಸಿರು ಬಿಟ್ಟಿತು. ಬ್ಯಾಂಡಿನ ಹುಡುಗರು ಅಲ್ಲೇ ನಿಂತು ತಮ್ಮ ಅತಿ ಒಳ್ಳೆಯ ಮದುವೆ ಧಾಟಿ ನುಡಿಸಿದರು, ಓಂಕಾರ ರೆಕಾರ್ಡ್ ಮಾಡಿದ. ಇನ್ನೇನು ಮುಗಿಯಬೇಕು, ಅಗೆದ ರಸ್ತೆಯ ಧೂಳು ಮೂಗಿಗೆ ಹೋಗಿ ಯಲ್ಲೋಜಿರಾವ್ ಒಂದು ಸೀನು ಸೀನಿದರು. ಪಾತ್ರೆ ಕೆಳಗೆ ಬಿದ್ದಂಥ ಸೀನು. ಮತ್ತೊಮ್ಮೆ ನುಡಿಸಲು ಪುರಸೊತ್ತಿರಲಿಲ್ಲ. ಸಿದ್ದಪ್ಪ ತನ್ನ ಮೊಬೈಲಿನಿಂದ ಬ್ಯಾಂಡಿನ ನಂಬರಿಗೆ ಹಚ್ಚಿ ನೋಡಿದ. ಧಾಟಿ ಜೋರಾಗಿ ಕೇಳಿಸಿತು. ಎಲ್ಲರೂ ತಲೆದೂಗಿದರು, ಸೀನಿನ ಜಾಗ ಬಂದಾಗ ಚಪ್ಪಾಳೆ ಹೊಡೆದರು. ಆ ಸಂಭ್ರಮದಲ್ಲಿ ಮುನಾಫನ ಜೇಬಿನ ಮೊಬೈಲು ಮೊಳಗಲೇ ಇಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಮಧ್ಯಾಹ್ನ ಬಂತು, ಹೋಯಿತು. ಮೊಬೈಲು ಸುಮ್ಮನಿತ್ತು. ಊಟದ ಹೊತ್ತೂ ದಾಟಿದ ಮೇಲೆ ಮುನಾಫ ತಾನೇ ಸಿದ್ದಪ್ಪನ ಫೋನಿನಿಂದ ತನ್ನ ನಂಬರಿಗೆ ಹಚ್ಚಿದ. ಕಿವಿಯಲ್ಲಿ ಬ್ಯಾಂಡು ಬಾರಿಸುತ್ತಿತ್ತು, ಜೇಬು ಮಾತ್ರ ತಣ್ಣಗಿತ್ತು.

"ಓಂಕಾರ! ಇದು ಬಡಕೊಳ್ಳಾಕ ತಯಾರಿಲ್ಲೋ!"

ಓಂಕಾರ ಲ್ಯಾಪ್‌ಟಾಪು ನೋಡಿ ಕಿವಿ ಕೆರೆದುಕೊಂಡ. "ನಿಮ್ಮ ಕಾಗದಪತ್ರ ಇನ್ನೂ ಕಂಪನಿಯವ್ರು ತಪಾಸಣಿ ಮಾಡಾಕತ್ತಾರಂತ. ಅದು ಆಗೂತನಕ ಬರೇ ವಾದ್ಯ ಬಾರಸ್ತೈತಂತ. ಸಂಜೀಗೆ ಸುರು ಅಕ್ಕೈತ್ರಿ."

"ಸಂಜೀಗೆ ಅಲ್ಲಿ ಡಿಜೆ ಗಟ್ಟಿ ಆಗಿರ್ತೈತಿ!"

ಮುನಾಫ ತನ್ನ ಮೊಬೈಲಿನಿಂದ ಸಾಹುಕಾರರಿಗೆ ಹಚ್ಚಿದ. ಅವರು ಬೇರೊಂದು ಕರೆಯಲ್ಲಿದ್ದಾರೆಂದು ಹೆಣ್ಣುಧ್ವನಿ ಹೇಳಿತು. ಮತ್ತೆ ಹಚ್ಚಿದ, ಮತ್ತೆ ಅದೇ. ಇಷ್ಟು ಹೊತ್ತು ಯಾರ ಜೊತೆ ಮಾತು? ಡಿಜೆಯವನ ಜೊತೆಯೇ ಇರಬೇಕು! ಮುನಾಫ ಒಬ್ಬನಿಗೇ ಎರಡು ಮೆರವಣಿಗೆಯ ಬೆವರು ಬಂತು. ಸಾಹುಕಾರರ ಕಣ್ಣಿಗೆ ಬೀಳಲೆಂದು ಜರಿಪಟ್ಟಿಯ ಕೆಂಪು ಬ್ಯಾಂಡ್ ಕೋಟು ತೊಟ್ಟು, ಅಮ್ಜದ ಚಾಚಾನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಹತ್ತಿದ. ಚಾಚಾ ಸಂಡಾಸಕ್ಕೂ ಕ್ಲಾರಿನೆಟ್ ಬಿಟ್ಟು ಹೋಗುವವನಲ್ಲ. ಅದನ್ನೂ ಕಂಕುಳಲ್ಲಿ ಇಟ್ಟುಕೊಂಡ.

ಪೀರನವಾಡಿಯಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಾಗ ಮುನಾಫ ಇನ್ನೊಮ್ಮೆ ಫೋನು ಹಚ್ಚಿದ. ಬೇರೊಂದು ಕರೆಯಲ್ಲಿದ್ದಾರೆ. ಕೆಂಪು ಕೋಟು ನೋಡಿ ಟೆಂಪೋದವನೊಬ್ಬ, "ವರ ಎಲ್ಲದಾನ್ರಿ?" ಎಂದು ಕೇಳಿದ. ಮುನಾಫ ಹಾರ್ನು ಒತ್ತುತ್ತ ಸ್ಕೂಟರನ್ನು ಲಾರಿಗಳ ಸಂದಿಗೆ ನುಗ್ಗಿಸಿದ. "ಅಲ್ಲಾ ಇದ್ದಾನ, ಸಾವಕಾಶ ಹೊಡಿ," ಎಂದು ಚಾಚಾ ಬೆನ್ನು ತಟ್ಟುತ್ತಿದ್ದ.

ಖಾನಾಪುರದಲ್ಲಿ ಹಂಚಿನ ಭಟ್ಟಿಯ ತಿರುವಿಗೆ ಬಂದಾಗ ಮುನಾಫ ಗಕ್ಕನೆ ಬ್ರೇಕು ಹಾಕಿದ. ಸಾಹುಕಾರರ ಮನೆಯಂಗಳದಿಂದ ಬ್ಯಾಂಡು ಕೇಳಿಸುತ್ತಿತ್ತು. ಡಿಜೆ ಅಲ್ಲ, ಬ್ಯಾಂಡು!

"ನಮ್ಮ ಧಾಟಿ ಕದ್ದಾರ, ಚಾಚಾ!"

ಚಾಚಾ ಕಿವಿಗೆ ಕೈಯಿಟ್ಟು ಆಲಿಸಿದ. "ಧಾಟಿ ಅಷ್ಟ ಅಲ್ಲ. ಊದಾಕತ್ತಾಂವನೂ ನಾನ!"

ಅಷ್ಟರಲ್ಲಿ ಒಳಗಿನಿಂದ ಪಾತ್ರೆ ಬಿದ್ದಂಥ ಸೀನು ಕೇಳಿತು. ಅದರ ಹಿಂದೆಯೇ ಇನ್ನೊಂದು ಸೀನು, ಈ ಸಲ ಹೆಂಗಸಿನದು.

ಚಪ್ಪರದ ಒಳಗೆ ಬೀಗರು ಬಿಜ್ಜರು ಕುಣಿಯುತ್ತಿದ್ದರು. ನಡುವೆ ಮೇಜಿನ ಮೇಲೆ ಸಾಹುಕಾರರ ಮೊಬೈಲು, ಅದರ ಪಕ್ಕ ವರನ ತಮ್ಮ ತಂದಿಟ್ಟ ದೊಡ್ಡ ಸ್ಪೀಕರು. ಮೊಬೈಲಿನ ಮೇಲೆ ಮುನಾಫನ ಬ್ಯಾಂಡಿನ ನಂಬರು ಹೊಳೆಯುತ್ತಿತ್ತು. ಬಾಜು ಕುರ್ಚಿಯಲ್ಲಿ ಸಾಹುಕಾರರ ಅಕ್ಕ ಶಿವಬಸವ್ವ ನಶ್ಯದ ಡಬ್ಬಿ ಹಿಡಿದು ಕಣ್ಣಲ್ಲಿ ನೀರು ಸುರಿಸುತ್ತ ಕುಳಿತಿದ್ದಳು.

"ಬರ್ರಿ ಬರ್ರಿ ಮುನಾಫಸಾಬ್ರ, ಕುಂದರ್ರಿ!" ಎಂದು ಗುರುಪುತ್ರಪ್ಪ ಸಾಹುಕಾರರು ಎದ್ದೇ ಬಂದರು. "ನೀವು ದೊಡ್ಡ ಮನಶ್ಯಾ ಬಿಡ್ರಿ. ಬ್ಯಾಂಡ್ ಹೇಳೂಣಂತ ಫೋನ್ ಹಚ್ಚಿದ್ರ, ನಾವು ಬಾಯಿ ತೆರಿಯೂದರಾಗ ಬಾರಸಾಕ ಸುರು ಮಾಡೀರಿ. ಮಧ್ಯಾಹ್ನದಿಂದ ಒಂದ ಸವನ ಬಾರಿಸಾಕತ್ತೀರಿ! ಬೀಗರಂತೂ ಡಿಜೆ ಮರತ ಬಿಟ್ರು."

"ಸಾವ್ಕಾರ್ರ, ಅದು ಹಂಗಲ್ರಿ..."

"ಒಂದು ಒಂಟಿ ಸೀನು ಬರ್ತೈತಿ, ಅಪಶಕುನ. ಅದಕ್ಕ ನಮ್ಮಕ್ಕ ಪ್ರತಿ ಸಲ ಇನ್ನೊಂದು ಸೀನಿ ಜೋಡಿ ಮಾಡಾಕತ್ತಾಳ. ಅದೇನ್ ದೊಡ್ಡದಲ್ಲ ಬಿಡ್ರಿ."

ಮುನಾಫ ಬಾಯಿ ತೆರೆಯುವಷ್ಟರಲ್ಲಿ ಅವನ ಜೇಬು ಗಡಗಡ ನಡುಗಿತು. ಕಂಪನಿಯವರ ತಪಾಸಣೆ ಮುಗಿದಿತ್ತು. ಮಧ್ಯಾಹ್ನದಿಂದ ಕಾದಿದ್ದ ಕರೆ ಈಗ ಬಂದು ಮುಟ್ಟಿತ್ತು. ಇಡೀ ದಿನ ಅದಕ್ಕಾಗಿಯೇ ಜೀವ ಬಿಡುತ್ತಿದ್ದ ಮುನಾಫ ಮೊಬೈಲು ಕಿತ್ತು ಹಸಿರು ಗುಂಡಿ ಒತ್ತಿಯೇಬಿಟ್ಟ. "ಹಲೋ!"

ಬ್ಯಾಂಡು ನಿಂತಿತು. ಸ್ಪೀಕರಿನೊಳಗಿಂದ ಮುನಾಫನದೇ "ಹಲೋ" ಚಪ್ಪರವೆಲ್ಲ ಮೊಳಗಿತು. ಬೀಗರು ಎತ್ತಿದ ಕೈ ಎತ್ತಿದ ಹಾಗೆಯೇ ನಿಂತು ಅವನನ್ನು ನೋಡಿದರು.

"ಯಾಕ ಎತ್ತಿದ್ರಿ?" ಎಂದು ಸಾಹುಕಾರರು ಹಣೆ ಬಡಿದುಕೊಂಡರು. "ನಟ್ಟನಡು ವಾದ್ಯ ನಿಲ್ಲಸ್ತಾರೇನ್ರಿ? ಮಂಗಳಕಾರ್ಯ ಐತಿ!"

ಶಿವಬಸವ್ವ ನಶ್ಯದ ಡಬ್ಬಿ ಮುಚ್ಚಿ, ನಿಂತ ವಾದ್ಯ ಕೂಡಲೇ ಸುರುವಾಗದಿದ್ದರೆ ಮದುಮಗಳಿಗೆ ಒಳ್ಳೆಯದಲ್ಲ ಎಂದಳು. ಅಮ್ಜದ ಚಾಚಾ ಕ್ಲಾರಿನೆಟ್ ತುಟಿಗಿಟ್ಟ. ಮುನಾಫ ಸಿಕ್ಕ ತಾಮ್ರದ ಕೊಡವನ್ನು ಬೋರಲು ಹಾಕಿ ಡೋಲು ಮಾಡಿಕೊಂಡ. ಇಬ್ಬರೂ ದೀಪ ಹಚ್ಚುವತನಕ ಜೀವ ತೇಯ್ದು ಬಾರಿಸಿದರು. ಚಾಚಾನ ಕೆನ್ನೆ ನೋವಿನಿಂದ ನಡುಗುತ್ತಿತ್ತು. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ಕುಳಿತರು. "ಫೋನಿನ್ಯಾಗ ಚಲೋ ಇತ್ತು," ಎಂದು ಬೀಗರಲ್ಲಿ ಯಾರೋ ಅಂದದ್ದು ಮುನಾಫನ ಕಿವಿಗೆ ಬಿತ್ತು. ಅವನು ಕೊಡವನ್ನು ಇನ್ನೂ ಜೋರಾಗಿ ಬಡಿದ.

ಹೊರಡುವಾಗ ಸಾಹುಕಾರರು ಸಕ್ಕರೆಯ ಪೊಟ್ಟಣವನ್ನು ಅವನ ಕೈಗಿಟ್ಟು ಹೆಗಲ ಮೇಲೆ ಕೈ ಹಾಕಿದರು. "ಬರೂ ತಿಂಗಳ ಮದುವಿ ಐತಿ, ಮುನಾಫಸಾಬ್ರ. ನಿಮ್ಮಿಂದ ಒಂದು ಉಪಕಾರ ಆಗಬೇಕ್ರಿ. ಬೀಗರದೂ ಅದ ಮಾತು."

ಮುನಾಫನ ಮುಖ ಅರಳಿತು. ಬ್ಯಾಂಡಿನ ಹುಡುಗರೆಲ್ಲ ಕಣ್ಣ ಮುಂದೆ ಬಂದರು. "ನೀವು ಹೇಳೂದ ಬ್ಯಾಡ್ರಿ ಸಾವ್ಕಾರ್ರ. ಡೋಲು, ಕಹಳಿ, ಎಲ್ಲಾ ಹುಡುಗೂರು, ಇಡೀ ಬ್ಯಾಂಡ್ ತಂದು ನಿಂದರಸ್ತೀನಿ."

"ಬ್ಯಾಂಡ್ ಬ್ಯಾಡ್ರಿ," ಎಂದರು ಸಾಹುಕಾರರು ಮೆಲ್ಲಗೆ. "ಅವತ್ತೊಂದು ದಿನ ಫೋನ್ ಎತ್ತಬ್ಯಾಡ್ರಿ."