ದೊಡ್ಡ ಮಾವನ ಕಾರ್ಬುರೇಟರ್ ಮಡಿ

ಕಾರು ಇರುವುದು ಊರು ಸುತ್ತುವುದಕ್ಕೆ ಎಂದು ನೀವು ನಂಬಿದ್ದರೆ, ನಮ್ಮ ದೊಡ್ಡ ಮಾವನನ್ನು ಕಂಡಿಲ್ಲ ಎಂದೇ ಅರ್ಥ! ಅಮ್ಮನ ಅಣ್ಣನಾದ ಈ ಮಹಾನುಭಾವರು ಫೋರ್ಟಿನ ಆಫೀಸಿನಲ್ಲಿ ನಕಾಶೆ ಬರೆಯುವವರು. ದಿನಾ ಮಾಟುಂಗದಿಂದ ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದರು. ಕಾರು ಮಾತ್ರ ಬಿಲ್ಡಿಂಗಿನ ಅಂಗಳದಲ್ಲಿ, ಬಾದಾಮಿ ಮರದ ಕೆಳಗೆ ಹಾಯಾಗಿ ನಿದ್ದೆ ಹೊಡೆಯುತ್ತಿತ್ತು. ಯುದ್ಧಕ್ಕೂ ಮುಂಚಿನ ಇಂಗ್ಲಿಷ್ ಕಾರು. ಅದು ತಲುಪಿದ ಅತಿ ದೂರದ ಊರು ಘಾಟ್ಕೋಪರ್. ಮರಳಿ ಬಂದದ್ದು ಎತ್ತಿನ ಗಾಡಿಯ ಹಿಂದೆ ಕಟ್ಟಿಸಿಕೊಂಡು!

ಐವತ್ತರ ದಶಕದ ಆ ದಿನಗಳಲ್ಲಿ ನಾನು ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಭಾನುವಾರ ಬಂತೆಂದರೆ ಮಾವನಿಗೆ ಕಾರ್ಬುರೇಟರಿನ ಆರಾಧನೆ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಪುಟ್ಟ ಯಂತ್ರವನ್ನು ಬಿಚ್ಚಿ, ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಒಂದೊಂದೇ ಹಿತ್ತಾಳೆ ತುಂಡನ್ನು ಬಾಳೆಲೆಯ ಮೇಲೆ ಬಡಿಸಿಕೊಳ್ಳುತ್ತಿದ್ದರು.

"ಏಯ್, ದೂರ ನಿಲ್ಲು! ಮಡೀಲಿದ್ದೀನಿ."

"ಪೆಟ್ರೋಲಿಗೆಂಥ ಮಡಿ ಮಾವ?"

"ಅನ್ನದಲ್ಲಿ ಕೂದಲು ಸಿಕ್ಕಿದ್ರೆ ನೀನು ಊಟ ಬಿಟ್ಟೇಳಲ್ವೇನೇ? ಇದೂ ಹಾಗೇ ಕಣೇ!"

ಎಲ್ಲವನ್ನೂ ಮತ್ತೆ ಜೋಡಿಸಿ ಎಂಜಿನ್ ಶುರುಮಾಡಿದ ಮೇಲೆ ನಿಜವಾದ ಕೆಲಸ. ಪುಟ್ಟ ಸ್ಕ್ರೂವೊಂದನ್ನು ಕಾಲು ಸುತ್ತು ತಿರುಗಿಸುವುದು, ಸದ್ದು ಕೇಳುವುದು, ಮತ್ತೆ ಕಾಲು ಸುತ್ತು. ಹೆಚ್ಚಾದರೆ ಕೆಮ್ಮು, ಕಡಿಮೆಯಾದರೆ ಬಿಕ್ಕಳಿಕೆ. ಅತ್ತೆ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಸ್ಕ್ರೂ ತಿರುಗಿಸಿದಾಗಲೆಲ್ಲ ಮಾವ ಒಮ್ಮೆ ಅತ್ತೆಯತ್ತ ಓರೆಗಣ್ಣು ಹಾಯಿಸುತ್ತಿದ್ದರು. ಈ ವಯಸ್ಸಿನಲ್ಲೂ ಎಂಥ ಪ್ರೀತಿಯಪ್ಪಾ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಹೀಗಿರುವಾಗ ಮಾವ ಯಾವುದೋ ವಿಲಾಯತಿ ಪತ್ರಿಕೆಯಲ್ಲಿ ಫ್ಯೂಯೆಲ್ ಇಂಜೆಕ್ಷನ್ ಬಗ್ಗೆ ಓದಿಬಿಟ್ಟರು. ತಗೋ, ಶುರುವಾಯಿತು! ಸಾರಿನಲ್ಲಿ ಉಪ್ಪಿದೆಯೋ ಇಲ್ಲವೋ ಗೊತ್ತಾಗದಷ್ಟು ಕನಸು.

"ಕಾರ್ಬುರೇಟರ್ ಅಂದ್ರೆ ನಮ್ಮಜ್ಜಿ ಬಡಿಸಿದ ಹಾಗೆ, ಎಲ್ಲಾ ಕಣ್ಣಂದಾಜು. ಇಂಜೆಕ್ಷನ್ ಅಂದ್ರೆ ಪೆಟ್ರೋಲನ್ನ ಅಳೆದು ತೊಟ್ಟು ತೊಟ್ಟೇ ಬಿಡುತ್ತೆ. ಸ್ಕ್ರೂ ಬೇಡ, ಏನೂ ಬೇಡ. ಇವಳನ್ನ ಕೂರಿಸ್ಕೊಂಡು ಖಂಡಾಲಾ ಘಾಟ್ ಹತ್ತಿ, ಮೋಡದೊಳಗೆ ಕಾರು ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡೀಬೋದು!"

ಆ ಮೋಡ ನಮ್ಮ ಅಡುಗೆಮನೆಯೊಳಗೇ ಇಳಿದಂತೆ ನನಗೂ ಅನ್ನಿಸುತ್ತಿತ್ತು. ಅತ್ತೆ ಮಾತ್ರ, "ಮೊದ್ಲು ದಾದರ್ ಬ್ರಿಜ್ ಹತ್ಲಿ ಬಿಡಿ" ಎಂದರು.

ಸಾಂತಾಕ್ರೂಜಿನ ಗ್ಯಾರೇಜ್ ಮಿಸ್ತ್ರಿ ಉಡುಪಿ ಕಡೆಯವರು. ಅವರು ಬಂದು ಕನಸಿಗೆ ಚಕ್ರ ಹಾಕಿಯೇಬಿಟ್ಟರು.

"ನನ್ನ ಭಾವ ಹಡಗಿನಲ್ಲಿದ್ದಾನೆ ಮಾರಾಯ್ರೇ, ಜರ್ಮನಿಯಿಂದ ತಂದುಕೊಡ್ತಾನೆ. ಹಡಗು ಹೊರಡ್ಲಿಕ್ಕೆ ಇನ್ನು ಎರಡು ಭಾನುವಾರ ಉಂಟು, ಅಷ್ಟರೊಳಗೆ ಹೇಳಿ. ಆದ್ರೆ ಒಮ್ಮೆ ಕೊರೆದು ಕೂರಿಸಿದ್ರೆ ಹಳೇದು ಮತ್ತೆ ಕೂರುದಿಲ್ಲ, ನೋಡಿ."

ಮೊದಲನೆಯ ಭಾನುವಾರ ಅತ್ತೆ ನಾಮಕರಣಕ್ಕೆಂದು ಘಾಟ್ಕೋಪರಿಗೆ ಹೋಗಿದ್ದರು. ಮಾವ ಒಬ್ಬರೇ ಸ್ಕ್ರೂ ತಿರುಗಿಸಿದರು. ಅಬ್ಬಬ್ಬಾ! ಎಂಜಿನ್ ಗುಡುಗಿತು, ಢಂ ಎಂದು ಪಟಾಕಿ ಹೊಡೆಯಿತು, ಕಾಗೆಗಳೆಲ್ಲ ಮರ ಬಿಟ್ಟು ಹಾರಿದವು, ಮೂರೂ ಮಹಡಿಯ ಜನ ಗ್ಯಾಲರಿಗೆ ಓಡಿಬಂದರು. ಮಾವನ ಮುಖದಲ್ಲಿ ಪರಮಾನಂದ.

"ಎಷ್ಟು ಮೆತ್ತಗೆ ನಡೀತಿದೆ ನೋಡೇ! ವೀಣೆ, ವೀಣೆ!"

ನನ್ನ ನಗು ಅಲ್ಲಿಗೇ ನಿಂತುಹೋಯಿತು. ಮಾವನ ಕಿವಿ ಹೋಗಿತ್ತು! ಅವರೂ ನನ್ನ ಮುಖ ನೋಡಿದರು. ಎಂಜಿನ್ ಆರಿಸಿ ಹತ್ತಿರ ಬಂದು, "ನಿಮ್ಮತ್ತೆಗೆ ಹೇಳ್ಬೇಡ ಕಣಮ್ಮ" ಎಂದರು. "ಹತ್ತಿರ ಕೂತು ಮಾತಾಡಿದ್ರೆ ಕೇಳ್ಸುತ್ತೆ, ಈ ಹದ ಮಾತ್ರ ತಿಳಿಯೋಲ್ಲ. ಸದ್ದು ಸರಿಯಾದಾಗ ಅಕ್ಕಿ ಆರಿಸೋ ಅವಳ ಕೈ ತಾನಾಗೇ ನಿಲ್ಲುತ್ತೆ. ಅದನ್ನೇ ನೋಡ್ಕೊಂಡು ತಿರುಗಿಸ್ತಿದ್ದೆ. ಗೊತ್ತಾದ್ರೆ ಪಾಪ, ಕೊರಗ್ತಾಳೆ. ಇಂಜೆಕ್ಷನ್ ಬಂದ್ರೆ ಕಿವೀನೇ ಬೇಕಿಲ್ಲ."

ಸಂಜೆ ಅತ್ತೆ ಬಂದರು. ಗ್ಯಾಲರಿಯವರು ವರದಿ ಒಪ್ಪಿಸದೆ ಬಿಡುತ್ತಾರೆಯೇ? ಅತ್ತೆ ನನ್ನನ್ನು ಒಳಗೆ ಕರೆದು ಕೈ ಹಿಡಿದುಕೊಂಡರು.

"ಅವರ ಕಿವಿ ವಿಷಯ ನಂಗೆ ಎರಡು ವರ್ಷದಿಂದ ಗೊತ್ತು ಕಣೇ. ಸದ್ದು ಸರಿಯಾದಾಗ ಬೇಕೂಂತಲೇ ಕೈ ನಿಲ್ಲಿಸ್ತೀನಿ. ನಂಗೊತ್ತು ಅಂತ ಅವರಿಗೆ ತಿಳಿಯೋದು ಬೇಡ, ಒಳಗೊಳಗೇ ಕುಗ್ಗಿಹೋಗ್ತಾರೆ."

ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ! ಆ ವಾರ ಪಾಠದ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಎರಡನೆಯ ಭಾನುವಾರ ಬೆಳಿಗ್ಗೆಯೇ ಮಿಸ್ತ್ರಿ ಹಾಜರು. ಬಾಳೆಲೆ ಎತ್ತಿಯಾಗಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಬಾದಾಮಿ ಎಲೆಗಳ ಸಂದಿಯಿಂದ ಬಿಸಿಲು ಮಾವನ ಬೆನ್ನ ಮೇಲೆ ಆಡುತ್ತಿತ್ತು.

"ಬೇಕಾ, ಬೇಡ್ವಾ? ಹೇಳಿಬಿಡಿ ಮಾರಾಯ್ರೇ!" ಎಂದು ಮಿಸ್ತ್ರಿ ಅವರ ಕಿವಿಯ ಬಳಿಯೇ ಕೂಗಿದರು.

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸುತ್ತಾ ಮೊರ ಹಿಡಿದು ಓಡಿಬಂದು, ಮೆಟ್ಟಿಲ ಮೇಲೆ ಕೂತು ಆರಿಸತೊಡಗಿದರು. ಮಾವ ಅಭ್ಯಾಸಬಲದಿಂದ ಅತ್ತ ನೋಡಿದವರು ನೋಡುತ್ತಲೇ ಉಳಿದರು. ನಾನೂ ನೋಡಿದೆ.

ಅಂದು ಏಕಾದಶಿ. ಆ ಮನೆಯಲ್ಲಿ ಏಕಾದಶಿಯ ದಿನ ಅಕ್ಕಿ ಡಬ್ಬಿಯ ಮುಚ್ಚಳವನ್ನೂ ತೆಗೆಯುವಂತಿಲ್ಲ. ಅವಸರದಲ್ಲಿ ಅತ್ತೆ ತಂದದ್ದು ಬರಿಯ ಮೊರ. ಅದರಲ್ಲಿ ಒಂದು ಕಾಳೂ ಇರಲಿಲ್ಲ. ಆದರೂ ಅವರ ಬೆರಳುಗಳು ಶ್ರದ್ಧೆಯಿಂದ ಏನನ್ನೋ ಆರಿಸುತ್ತಿದ್ದವು.

ಮಾವನ ಕಣ್ಣು ತುಂಬಿತು. ನನ್ನದಂತೂ ಹರಿದೇಬಿಟ್ಟಿತು.

"ಬೇಡಪ್ಪ ಮಿಸ್ತ್ರಿ" ಎಂದರು ಮಾವ. "ಭಾವನಿಗೆ ಬೇಡ ಅಂತ ಹೇಳಿಬಿಡಿ. ನಂಗೆ ಈ ಹಳೇದೇ ಇರಲಿ."

ಮತ್ತೆ ಎಂಜಿನ್ನಿನ ಮೇಲೆ ಬಾಗಿ ಕಾಲು ಸುತ್ತು ತಿರುಗಿಸಿದರು. ಈ ಸಲ ಓರೆಗಣ್ಣು ಹಾಕಲಿಲ್ಲ. ನೇರವಾಗಿ ಅತ್ತೆಯತ್ತ ತಿರುಗಿ, ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿ ಕೇಳಿದರು: "ಲೇ ಇವಳೇ, ಸರಿಯಾಯ್ತೇನೇ?"

ಅತ್ತೆ ಬರಿಯ ಮೊರವನ್ನು ಕೆಳಗಿಟ್ಟು, ಎದ್ದು ಬಂದು ಅವರ ಪಕ್ಕದಲ್ಲಿ ನಿಂತು, ಇನ್ನೂ ಒಂಚೂರು ಎಂದು ಬೆರಳಲ್ಲಿ ತೋರಿಸಿದರು.