ಶಿಗ್ಗಾಂವದ ಖಾನಾವಳಿಯ ರೊಟ್ಟಿ

ನಾಕು ಮಂದಿ ಕುಂತು ಉಣ್ಣೋ ಜಾಗಾದಾಗ ಏನರೆ ಒಂದು ನಡೀತನ ಇರತೈತಿ. ಶಿಗ್ಗಾಂವದಾಗ ನಮ್ಮ ಅತ್ತಿ ಖಾನಾವಳಿ ಇಟ್ಟಿದ್ದಳು. ಲಗ್ನಾಗಿ ಬಂದ ಮ್ಯಾಲ ನಾನೂ ಆಕಿ ಜೋಡಿ ಒಲಿ ಮುಂದ ಕುಂತೆ. ಅಲ್ಲಿಂದ ಮುಂದ ನಗಿಗೆ ಬರ ಬೀಳಲಿಲ್ಲ.

ಹಾನಗಲ್ಲಿನ ನಕಾಶಿ

ನನ್ನ ತವರು ಹಾನಗಲ್ ಕಡೆ. ಭತ್ತದ ಸೀಮಿ, ದಿನಾ ಅನ್ನ. ರೊಟ್ಟಿ ತಟ್ಟಾಕ ಬರತಿರಲಿಲ್ಲ, ಬರಂಗಿಲ್ಲಂತ ಹೇಳಾಕ ಧೈರ್ಯಾನೂ ಇರಲಿಲ್ಲ. ಮೊದಲನೇ ದಿನ ತಟ್ಟಿದ ರೊಟ್ಟಿ ಒಂದು ಕಡೆ ಉದ್ದಾತು, ಇನ್ನೊಂದು ಕಡೆ ಹರೀತು, ನಡುವ ತೂತು ಬಿತ್ತು. ಅದನ್ನ ಮಾವನ ತಾಟಿಗೆ ಹಾಕಿ ಬಾಗಲ ಮರಿಗೆ ನಿಂತೆ. ಮಾವನದು ಮಾತು ಕಡಿಮಿ. ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಹಾನಗಲ್ ತಾಲೂಕಿನ ನಕಾಶಿ ಚೊಲೋ ತಗದೀ ನೋಡವಾ. ನಿಮ್ಮೂರ ಕೆರಿ ಸುದ್ದಾ ಕಾಣತೈತಿ."

ಹಟಕ್ಕ ಬಿದ್ದು ಕಲಿತೆ. ಅಂಗೈ ಕೆಂಪಾದವು, ಬೊಬ್ಬಿ ಬಂದವು, ಬಿಡಲಿಲ್ಲ. ಮೂರು ತಿಂಗಳಿಗೆ ರೊಟ್ಟಿ ದುಂಡಗ, ಎಲಿಯಂಗ ತೆಳ್ಳಗ ಬಂತು. ಅತ್ತಿ ಹಿಟ್ಟಿನ ಪರಾತ ನನ್ನ ಕಡೆ ಸರಿಸಿ, "ಇನ್ನ ನೀನ ನೋಡ್ಕೊ" ಅಂದಳು. ಮಾವ ಮತ್ತ ರೊಟ್ಟಿ ಬೆಳಕಿಗೆ ಹಿಡಿದರು.

"ಕೆರಿ ಬತ್ತೇತಲ್ಲವಾ," ಅಂದರು.

ತೊಳೆಯೋ ತಟ್ಟೆ

ನಮ್ಮ ಸೀಮಿ, ಮೈಸೂರು ಸೀಮಿ ಎರಡೂ ಕೂಡಿ ಒಂದ ರಾಜ್ಯ ಆದ ಮ್ಯಾಲ ಆ ಕಡೆಯಿಂದ ಒಬ್ಬರು ಸಾಹೇಬರು ವರ್ಗಾ ಆಗಿ ಬಂದರು. ಮೊದಲನೇ ದಿನ ಅವರಿಗೆ ಕಡಕ್ ರೊಟ್ಟಿ ಕೊಟ್ಟೆ. ಬೇಯಿಸಿ ಗರಿಗರಿ ಒಣಗಿಸಿದ ರೊಟ್ಟಿ ಅದು, ಮುರಿದರ ಸಪ್ಪಳ ಓಣಿಗೆ ಕೇಳಬೇಕು. ಅದರ ಮ್ಯಾಲ ಎಣ್ಣಿಗಾಯಿ ಬದನಿಕಾಯಿ, ಶೇಂಗಾ ಚಟ್ನಿ ಹಾಕಿದ್ದೆ. ಸಾಹೇಬರು ಪಲ್ಯ ಅಷ್ಟೂ ಬಳಿದು ತಿಂದು, ರೊಟ್ಟಿ ನನ್ನ ಕೈಗೆ ಕೊಟ್ಟರು.

"ಪಲ್ಯ ಬಹಳ ಚೆನ್ನಾಗಿತ್ತಮ್ಮ. ತಗೊಳ್ಳಿ ನಿಮ್ಮ ತಟ್ಟೆ."

ಅದನ್ನೂ ತಿನಬೇಕ್ರಿ ಅಂತ ಹೇಳಿಕೊಟ್ಟೆ. ಒಂದು ತುಂಡು ಮುರಿದು ಬಾಯಿಗಿಟ್ಟವರು ನಾಕು ರೊಟ್ಟಿ ಮುಗಿಸಿ ಎದ್ದರು. ಮರುದಿನ ಅನ್ನ ಬೇಕಂದರು, ಪಿಂಗಾಣಿ ತಾಟಿನಾಗ ಹಾಕಿ ಕೊಟ್ಟೆ. ಸಾಹೇಬರು ಅದರ ಅಂಚಿಗೆ ಉಗುರಲೆ ಬಡಿದು, ನನ್ನ ಮುಖ ನೋಡಿ ಮೆಲ್ಲಕ ಕೇಳಿದರು:

"ಇದು ತಿನ್ನೋದಾ ಅಮ್ಮ, ತೊಳೆಯೋದಾ?"

ಸವಣೂರಿನ ಲಗ್ನ

ಸವಣೂರಿನ ವೀಳ್ಯದೆಲಿ ವ್ಯಾಪಾರದ ಸಾಬರು ನಮ್ಮಲ್ಲಿ ಉಣ್ಣಾಕ ಬರತಿದ್ದರು. ಹಿರೇಮಗಳ ಲಗ್ನಕ್ಕ ಇನ್ನೂರು ಕಡಕ್ ರೊಟ್ಟಿ ಹೇಳಿದರು. ನಾನು, ಅತ್ತಿ ಇಬ್ಬರೂ ಎರಡು ದಿನ ತಟ್ಟಿ, ಬುಟ್ಟಿ ತುಂಬಿ, ಬಸ್ಸಿನಾಗ ಹೊಂಟೆವು. ಆ ರಸ್ತಾದಾಗ ತಗ್ಗು ಎಷ್ಟಿದ್ದವಂದ್ರ, ಇಳಿದು ಬುಟ್ಟಿ ಮ್ಯಾಲಿನ ಅರಿವಿ ಸರಿಸಿದರ ಇಡೀ ರೊಟ್ಟಿ ಒಂದೂ ಇರಲಿಲ್ಲ. ಎಲ್ಲಾ ಚೂರು.

ನನ್ನ ಕಣ್ಣಾಗ ನೀರು ಬಂತು. ಬೀಗರು ಆಗಲೇ ಕೈ ತೊಳಕೊಂಡು ಕುಂತಿದ್ದರು. ಅತ್ತಿ, "ಅಳೋದು ಆಮ್ಯಾಲ, ಉಳ್ಳಾಗಡ್ಡಿ ಹೆಚ್ಚು" ಅಂದಳು. ಚೂರಿಗೆ ಶೇಂಗಾ ಚಟ್ನಿಪುಡಿ ಉದುರಿಸಿ, ಎಣ್ಣಿ ಬಿಟ್ಟು, ಉಳ್ಳಾಗಡ್ಡಿ, ಕೊತ್ತಂಬರಿ ಕಲಸಿದೆವು. ನಡುವ ಗಟ್ಟಿ ಮೊಸರಿನ ಬಟ್ಟಲ ಇಟ್ಟೆವು. ಬೀಗರು ಅದ್ದಿ ಅದ್ದಿ ತಿಂದು, ಬುಟ್ಟಿ ತಳಾ ಕಾಣೋ ತನಕ ಏಳಲಿಲ್ಲ.

ಮುಂದಿನ ವರ್ಷ ಎರಡನೇ ಮಗಳ ಲಗ್ನ. ಸಾಬರು ಮತ್ತ ಬಂದರು. ಈ ಸಲ ಗಾಡಿ ಹೂಡಿ, ಹುಲ್ಲಿನ ಮೆತ್ತಿ ಹಾಸಿ, ಜ್ವಾಕ್ಯಾಗಿ ತರ್ತೇವಿ ಅಂದೆ.

ಸಾಬರು ಗಾಬರಿಯಾದರು. "ಬ್ಯಾಡ್ರಿ ತಂಗಿ, ಅದ ಬಸ್ಸಿಗೇ ಬರ್ರಿ. ಗಾಡ್ಯಾಗ ಅಷ್ಟು ಹದವಾಗಿ ಮುರಿಯಂಗಿಲ್ಲ."

ಹಿರೇಕೆರೂರಿನ ಪಟ್ಟಿ

ಹಿರೇಕೆರೂರು ಕಡೆ ಹೊಸಾ ಗೋವಿನಜೋಳದ ಬೀಜ ಬಂದಿತ್ತು. ರೈತರು ಅದು ದನಕ್ಕಷ್ಟ ಅಂತ ಮುಟ್ಟತಿರಲಿಲ್ಲ. ಮನುಷ್ಯಾರೂ ಉಣ್ಣಬಹುದು ಅಂತ ತೋರಿಸಾಕ ಬೇಸಾಯದ ಸಾಹೇಬರು ನಮ್ಮನ್ನ ಕರಸಿದರು. ಸಂತಿ ದಿನ, ಮರದ ನೆಳ್ಳಾಗ ಒಲಿ ಹೂಡಿದೆವು. ಸುತ್ತಲೂ ಮಂದಿ. ಗೋವಿನಜೋಳದ ಹಿಟ್ಟಿಗೆ ಜಿಗಿ ಇಲ್ಲ. ಮೊದಲನೇ ರೊಟ್ಟಿ ಹಂಚಿಗೆ ಹೋಗೋದರಾಗ ಮೂರು ತುಂಡಾತು. "ನಾ ಹೇಳಲಿಲ್ಲೇನು, ದನದ್ದದು" ಅಂದ ಒಬ್ಬ ಮುದುಕ. ನಾ ತಲಿ ಎತ್ತಲಿಲ್ಲ. ಕುದಿಯೋ ನೀರು ಹಾಕಿ, ಕೈ ಸುಟ್ಟರೂ ಬಿಡದ ನಾದಿ, ಮತ್ತ ತಟ್ಟಿದೆ. ರೊಟ್ಟಿ ಬಂಗಾರದ ಬಣ್ಣಕ್ಕ ಬಂದು ಪುರಿಯಂಗ ಉಬ್ಬಿತು. ಅತ್ತಿ ಬಿಸಿ ಕಡ್ಲಿಹಿಟ್ಟಿನ ಜುಣಕ ಹಚ್ಚಿ ಒಂದೊಂದು ತುಂಡು ಹಂಚಿದಳು.

ಸಾಹೇಬರು ಮೇಜಿನ ಮ್ಯಾಲ ಪಟ್ಟಿ ಬಿಚ್ಚಿ, "ಬೇಕಾದವರು ಹೆಸರು ಬರಸ್ರಿ" ಅಂದರು. ನೋಡನೋಡದಾಗ ಸಾಲು ಸಂತಿ ಬಾಗಲಕ್ಕ ಮುಟ್ಟಿತು. ಒಬ್ಬ ಎರಡು ಅಂದ, ಒಬ್ಬ ಮೂರು ಅಂದ. ಸಾಹೇಬರು ಬೆವರು ಒರಸ್ಕೋತ ಬರದ ಬರದರು. "ತಾಯಿ, ಇಡೀ ತಾಲೂಕು ಬೀಜಾ ತಗೊಂತು" ಅಂತ ನನಗ ಕೈ ಮುಗಿದರು. ನನಗೂ ಎದಿ ಉಬ್ಬಿತು.

ಅಷ್ಟರಾಗ ಆ ಮುದುಕನ ಪಾಳಿ ಬಂತು.

"ನಂದು ನಾಕು ಬರಕೋರಿ. ಎರಡಕ್ಕ ಜುಣಕ ಜಾಸ್ತಿ ಇರಲಿ."

ಸಾಹೇಬರ ಪೆನ್ನು ನಿಂತಿತು. "ಬೀಜಕ್ಕ ಜುಣಕ ಯಾಕ್ರಿ ಅಜ್ಜಾರ?"

"ಯಾವ ಬೀಜಾರೀ? ನಾವು ರೊಟ್ಟಿಗೆ ನಿಂತೇವಿ."

ಸಾಹೇಬರು ಸಾಲು ನೋಡಿದರು, ಎಲ್ಲಾರೂ ಹೌದಂತ ಗೋಣು ಹಾಕಿದರು. ಅವರು ಪಟ್ಟಿ ಹರಿಯಾಕ ಕೈ ಹಾಕಿದ್ದ ತಡ, ಅತ್ತಿ ಒಲಿ ಮುಂದಿನಿಂದ ಹೇಳಿದಳು:

"ಹರೀಬ್ಯಾಡ್ರಿ ಸಾಹೇಬರ, ಇತ್ತಾಗ ಕೊಡ್ರಿ. ಹಿಟ್ಟು ಎಷ್ಟು ನಾದಬೇಕು ಗೊತ್ತಾಗತೈತಿ."