ಕೆಂಪು ಕೇಬಲ್ಲಿನ ಪ್ರತಾಪ

ಈಗಲೂ ಹೇಳುತ್ತೇನೆ, ಕೇಬಲ್ ಬದಲಾಯಿಸಿದರೆ ವೇಗ ಹೆಚ್ಚುತ್ತದೆ. ನನ್ನ ಹೆಂಡತಿ, ಅವಳ ತಾಯಿ, ಕೊನೆಗೆ ಕೇಬಲ್ ಮಾರಿದ ಅಂಗಡಿಯವನೂ ಸೇರಿ ಇಲ್ಲವೆಂದರೂ ನಾನು ಜಗ್ಗುವ ಆಸಾಮಿಯಲ್ಲ. (ಅಂಗಡಿಯವನು ಇಲ್ಲವೆಂದದ್ದು ವ್ಯಾಪಾರ ಮುಗಿದ ಮೇಲೆ.)

ನಮ್ಮ ಕಂಪ್ಯೂಟರ್ ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಸ್ಕ್ರೀನಿನ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅತ್ತೆಯವರಿಗೆ ಇಷ್ಟೇ ಸಾಕಾಯಿತು. ಅದು ಕೂತಿದ್ದ ಕಿಟಕಿಯ ಮೂಲೆಯ ಮೇಲೆ ಅವರಿಗೆ ಬಹುಕಾಲದಿಂದ ಕಣ್ಣಿತ್ತು. ಅವರ ಹೊಲಿಗೆ ಯಂತ್ರ ಕತ್ತಲ ಕೋಣೆಯಲ್ಲಿತ್ತು.

"ಯಾವಾಗ್ಲೂ ನಿದ್ದೆ ಮಾಡೋದಕ್ಕೆ ಬೆಳಕು ಯಾಕೆ ಅಳಿಯಂದ್ರೆ? ನನಗಾದ್ರೆ ಸೂಜಿಗೆ ದಾರ ಪೋಣಿಸಬೇಕು."

"ಹಾರ್ಡ್ ಡಿಸ್ಕಿನ ಕೇಬಲ್ ಹಳೇದಾಗಿದೆ ಅತ್ತೆ. ಹೊಸದು ಹಾಕಿದ್ರೆ ಕುದುರೆ ಥರ ಓಡತ್ತೆ. ಕೇಬಲ್ಲಿಂದ ಓಡದಿದ್ರೆ ಮೂಲೆ ನಿಮ್ದು!"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಎತ್ತಿಗೆ ಹೊಸ ಹಗ್ಗ ಕಟ್ಟಿದ್ರೆ ಓಡತ್ತೇನ್ರೀ?"

ಇಂಥ ಅಜ್ಞಾನಕ್ಕೆ ಉತ್ತರ ಕೊಡಬಾರದು. ಭಾನುವಾರ ಸಿಪಿಯು ಡಬ್ಬ ಬಿಚ್ಚಿ ಮಹಾ ಶಸ್ತ್ರಚಿಕಿತ್ಸೆ ನಡೆಸಿದೆ. ಹಳೆಯ ಕರಿ ಕೇಬಲ್ ಹೊರಗೆ, ಹೊಸ ಕೆಂಪು ಕೇಬಲ್ ಒಳಗೆ. ಕೊನೆಗೆ ಒಂದು ಸ್ಕ್ರೂ ಉಳಿಯಿತು. (ಕಂಪನಿಯವರು ಹೆಚ್ಚಿಗೆ ಹಾಕಿದ್ದಿರಬೇಕು.) ಗುಂಡಿ ಒತ್ತಿದೆ. ಟವೆಲ್ ಹುಡುಕುವಷ್ಟರಲ್ಲಿ ಕಂಪ್ಯೂಟರ್ ಸಿದ್ಧ!

"ನೋಡಿ ಅತ್ತೆ! ನೋಡೇ! ಈಗ ಏನಂತೀರಿ?"

ಹೆಂಡತಿ ಸೌತೆಕಾಯಿ ಹೆಚ್ಚುವುದನ್ನೂ ನಿಲ್ಲಿಸಲಿಲ್ಲ. "ಹಳೇದನ್ನೇ ಮತ್ತೆ ಹಾಕಿ ನೋಡಿ."

ಹಾಕಿದೆ, ಭಯವೇನು? ಆ ಹಳೆಯ ದ್ರೋಹಿಯೂ ಅಷ್ಟೇ ವೇಗವಾಗಿ ಕೆಲಸ ಮಾಡಿತು.

"ವೇಗ ಹೆಚ್ಚಿಸೋ ಸಾಫ್ಟ್‌ವೇರ್ ಅಂತ ಕಂಡಿದ್ದನ್ನೆಲ್ಲ ತುಂಬಿಟ್ಟಿದ್ರಲ್ಲ, ನಿನ್ನೆ ಎಲ್ಲಾ ಕಿತ್ತು ಹಾಕಿದೆ" ಎಂದಳು. "ಆನ್ ಮಾಡಿದ ಕೂಡಲೇ ಅಷ್ಟೂ ಒಟ್ಟಿಗೆ ಎದ್ದು ಕೂರ್ತಿದ್ವು. ಪಾಪದ ಎತ್ತಿನ ಬೆನ್ನ ಮೇಲೆ ಊರೆಲ್ಲ ಹತ್ತಿಸಿದ್ದು ನೀವೇ."

"ಹಾಗಲ್ಲ! ಹೊಸ ಕೇಬಲ್ ನೋಡಿ ಹಳೇದಕ್ಕೂ ಬುದ್ಧಿ ಬಂದಿದೆ!"

ಯಾರೂ ಒಪ್ಪಲಿಲ್ಲ. ಈ ಮನೆಯಲ್ಲಿ ವಿಜ್ಞಾನಕ್ಕೆ ಬೆಲೆಯಿಲ್ಲ. ಸಂಜೆಯೊಳಗೆ ಹೊಲಿಗೆ ಯಂತ್ರ ಕಿಟಕಿಯ ಬಳಿ ಸಿಂಹಾಸನವೇರಿತು. ನನ್ನ ಕಂಪ್ಯೂಟರ್ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಗಡೀಪಾರಾಯಿತು. ನಾನೂ ಅದರ ಹಿಂದೆಯೇ ಹೋಗಿ ಅಲ್ಲೇ ಕೂತೆ.

ಮರುದಿನ ಅತ್ತೆ ಕೂಗಿದರು. "ಅಳಿಯಂದ್ರೆ, ಕರ್ಟನ್ ಅಡ್ಡ ಬರ್ತಿತ್ತು. ಸುಮ್ನೆ ಬಿದ್ದಿದ್ದ ನಿಮ್ಮ ಕೆಂಪು ಕೇಬಲ್ಲಿಂದ ಎತ್ತಿ ಕಟ್ಟಿಬಿಟ್ಟೆ. ಆಮೇಲೆ ಕೆಲಸ ಎಷ್ಟು ಬೇಗ ಸಾಗ್ತಿದೆ ಗೊತ್ತಾ!"

ಚಪ್ಪಲಿಗಳ ನಡುವಿನಿಂದ ಎದೆಯುಬ್ಬಿಸಿ ಎದ್ದೆ. "ಕೇಳಿಸ್ತೇನೇ? ನಿಮ್ಮಮ್ಮನ ಬಾಯಲ್ಲೇ ಬಂತು!"

"ಕೇಳಿಸ್ತು. ಹೇಗೂ ಎದ್ದಿದ್ದೀರಲ್ಲ, ಅಮ್ಮನ ಸೂಜಿಗೆ ದಾರ ಪೋಣಿಸಿಕೊಟ್ಟು ಬನ್ನಿ."

ಹೋಗಿ ಪೋಣಿಸಿದೆ. ಆ ಬೆಳಕಿನಲ್ಲಿ ದಾರ ಒಂದೇ ಸಲಕ್ಕೆ ಹೋಯಿತು. ಕೇಬಲ್ಲಿನ ಮಹಿಮೆ ಅಲ್ಲದೆ ಇನ್ನೇನು?